ಕೊಬ್ಬರಿ ಗೋದಾಮಿನ ಕಛೇರಿ

ನಮ್ಮೂರಿನ ಸಂಗೀತ ಸಭೆಯ ಕಾರ್ಯದರ್ಶಿಗಳು ಅರಸೀಕೆರೆಯ ನಮ್ಮ ಮನೆಗೆ ಬಂದರು. ಹಾಲ್‌ನಲ್ಲಿ ಕೂತು ನಾನು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ನಿಮ್ಮ ವಾಯ್ಸು ಜಾನಪದಕ್ಕೆ ತುಂಬ ಚೆನ್ನಾಗಿ ಒಪ್ಪುತ್ತೆ ಮೇಡಂ. ಈ ವರ್ಷದ ಉತ್ಸವದಲ್ಲಿ ಒಂದು ಸಂಜೆ ಜಾನಪದಕ್ಕೇ ಅಂತ ಇಟ್ಟಿದೀವಿ. ಅದನ್ನ ನೀವೇ ನಡೆಸಿಕೊಡಬೇಕು."

ನನಗೆ ಒಂದು ಜಾನಪದ ಗೀತೆಯೂ ಪೂರ್ತಿ ಬರುವುದಿಲ್ಲ. ಅದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕಣಕಟ್ಟೆ ಕಡೆಯ ನನ್ನ ಅಜ್ಜಿ ರಾಗಿ ಬೀಸುವಾಗ, ಕಳೆ ಕೀಳುವಾಗ ಹಾಡುತ್ತಿದ್ದಳಂತೆ. ನಾನು ಹುಟ್ಟುವ ಮೊದಲೇ ಅವಳು ತೀರಿಕೊಂಡಳು. ನಾನು ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ನನ್ನ ಕಿವಿಗೆ ಬಿದ್ದದ್ದು ಬೋಗಿಗಳನ್ನು ಜೋಡಿಸುವ ಸದ್ದು, ಬೆಳಗಿನ ರೇಡಿಯೋ, ಆಮೇಲೆ ನನ್ನ ಗುರುಗಳ ತಂಬೂರಿ. ಕಲಿತದ್ದು ಕರ್ನಾಟಕ ಶಾಸ್ತ್ರೀಯ ಸಂಗೀತ. ವಿದ್ವತ್ ಪರೀಕ್ಷೆ ಮುಗಿಸಿದ್ದೇನೆ. ಇದೇ ಸಭೆಯ ವೇದಿಕೆಯ ಮೇಲೆ ಎಷ್ಟೋ ವರ್ಷ ಹಾಡಿದ್ದೇನೆ. ಆಗೆಲ್ಲ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದವರು ಇದೇ ಕಾರ್ಯದರ್ಶಿಗಳು. ಒಮ್ಮೆ ಕಾಂಬೋಧಿ ರಾಗದ ಆಲಾಪನೆ ಮುಗಿದಾಗ ಕಣ್ಣೊರೆಸಿಕೊಂಡಿದ್ದರು ಕೂಡ.

ಹಾಗಾದರೆ ನನ್ನ ಕಂಠ ಜಾನಪದದ ಕಂಠವಾದದ್ದು ಯಾವಾಗ? ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ತೀರಿಕೊಂಡ ಮೇಲೆ.

ಅಪ್ಪ ನಿವೃತ್ತಿಯಾದ ಮೇಲೆ ಬೌದ್ಧ ಧರ್ಮ ತೆಗೆದುಕೊಂಡಿದ್ದರು. ಅವರು ಹೋದಾಗ ಮನೆಯಲ್ಲಿ ಬುದ್ಧವಂದನೆ ಮಾಡಿದೆವು. ಸಭೆಯ ಸಮಿತಿಯ ಹಿರಿಯ ಸದಸ್ಯರೊಬ್ಬರು ಮಾತಾಡಿಸಲು ಬಂದವರು, ಹಾಲ್‌ನಲ್ಲಿದ್ದ ಬುದ್ಧನ ಮೂರ್ತಿ ನೋಡಿದರು, ಬಿಳಿ ಸೀರೆ ಉಟ್ಟು ಕೂತಿದ್ದ ನಮ್ಮ ಕಡೆಯ ಹೆಂಗಸರನ್ನು ನೋಡಿದರು, ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಬಾಯಲ್ಲಿ ಏನೂ ಕೇಳಲಿಲ್ಲ. ಹೊರಡುವಾಗ ನಮಸ್ಕಾರ ಮಾತ್ರ ಸ್ವಲ್ಪ ದೂರದಿಂದ ಮಾಡಿದರು. ಆ ವರ್ಷದ ಉತ್ಸವಕ್ಕೆ ನನಗೆ ಆಹ್ವಾನ ಬರಲಿಲ್ಲ. ಕೇಳಿದ್ದಕ್ಕೆ ಎಲ್ಲ ದಿನಗಳೂ ಭರ್ತಿಯಾಗಿವೆ ಎಂದರು. ಮುಂದಿನ ವರ್ಷ ಕಾಫಿ ಕುಡಿದು ಜಾನಪದ ಎಂದರು.

ನಾನು ಆಗುವುದಿಲ್ಲ ಎಂದೆ. ಕಾರ್ಯದರ್ಶಿಗಳು ನಗುನಗುತ್ತಲೇ ಎದ್ದರು. ಆಮೇಲೆ ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅವರ ಮನೆಯಲ್ಲಿ ಕಾಫಿ ಕುಡಿದು ಬಂದೆ, ಜಾತಿಗೀತಿ ಅಂಥದ್ದೆಲ್ಲ ನನಗಿಲ್ಲ ಎಂದು ಹೇಳಿಕೊಂಡರಂತೆ. ಕಾಫಿ ಕುಡಿದದ್ದನ್ನು ಸುದ್ದಿ ಮಾಡುವ ಮನುಷ್ಯನಿಗೆ ಏನು ಇಲ್ಲ ಎಂದು ನಾನು ನಂಬಬೇಕಿತ್ತು?

ಅಲ್ಲಿಯವರೆಗೆ ಅವರಿಗೆ ನಮ್ಮ ಜಾತಿ ಗೊತ್ತಾಗದೆ ಇದ್ದದ್ದು ಹೇಗೆ ಎಂದರೆ, ಅದು ನನ್ನ ಗುರುಗಳ ಏರ್ಪಾಡು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅಮ್ಮ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದಳು. ಹಳೇ ಬೀದಿಯ ಬ್ರಾಹ್ಮಣರ ಮನೆ ಅದು, ಗುರುಗಳು ಆ ಮನೆಯ ಸೊಸೆ. ಗುರುಗಳು ಒಂದು ಸಾಲು ಹಾಡಿಸಿ ಕೇಳಿದರು. ನಾವು ಯಾರು ಎಂದು ಅಮ್ಮ ಮುಚ್ಚುಮರೆ ಇಲ್ಲದೆ ಹೇಳಿದಳು. ಅವರು ನಾಳೆಯಿಂದ ಕಳಿಸಿ ಎಂದರು. ನನ್ನನ್ನು ಹೊರಗೆ ಕೂರಿಸಲಿಲ್ಲ. ಉಳಿದ ಮಕ್ಕಳ ಜೊತೆ ನಡುಮನೆಯಲ್ಲೇ ಕೂರಿಸಿಕೊಂಡು ಸರಳೆ, ಜಂಟಿ, ಅಲಂಕಾರ ಎಲ್ಲ ಹೇಳಿಕೊಟ್ಟರು. ಒಂದೇ ಒಂದು ಮಾತು ಮಾತ್ರ ಹೇಳಿದ್ದರು: "ಯಾರಾದ್ರೂ ಕೇಳಿದ್ರೆ ರೈಲ್ವೆಯವರ ಮಗಳು ಅನ್ನು. ಅಷ್ಟು ಸಾಕು ಕಣೇ."

ಅವರು ಒಳ್ಳೆಯದಕ್ಕೇ ಹೇಳಿದ್ದು. ನನ್ನನ್ನು ಕಾಪಾಡಲೆಂದೇ ಹೇಳಿದ್ದು. ಆದರೆ ರೈಲ್ವೆಯವರ ಮಗಳು ಎಂಬ ಹೆಸರಿನಲ್ಲಿ ಹಾಡುವಾಗ ನನಗೆ ಸಿಕ್ಕ ಚಪ್ಪಾಳೆಯೆಲ್ಲ ಯಾರದೋ ಪಾಲಿನದ್ದನ್ನು ತಪ್ಪಿ ನನ್ನ ಕೈಗೆ ಕೊಟ್ಟ ಹಾಗಿರುತ್ತಿತ್ತು. ಗೊತ್ತಾದ ದಿನ ವಾಪಸ್ ಕೇಳುತ್ತಾರೆ ಅನಿಸುತ್ತಿತ್ತು. ಕೇಳಿಯೇಬಿಟ್ಟರು.

ನಾನು ಕಣಕಟ್ಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಸಂಬಳ ಇದೆ, ಸ್ವಂತ ಮನೆ ಇದೆ. ಸಭೆಯವರು ಕರೆಯದೆ ಹೋದರೆ ನನ್ನ ಹೊಟ್ಟೆಗೇನೂ ಕಡಿಮೆಯಾಗುವುದಿಲ್ಲ. ಅಣ್ಣ ಅದನ್ನೇ ಹೇಳಿದ. ಅವನು ಅಪ್ಪನ ಹಾಗೆಯೇ ಬೌದ್ಧ, ಸಂಘಟನೆಯಲ್ಲಿ ಓಡಾಡಿದವನು. "ನಮ್ಮನ್ನ ಒಳಗೆ ಬಿಡ್ದಿರೋರ ಹಾಡು ನಿಂಗ್ಯಾಕೆ ಬೇಕು? ಅದ್ರಲ್ಲಿ ನಮ್ದು ಏನೈತೆ ಹೇಳು," ಎಂದ.

ರಾಗ ಅವರಪ್ಪನ ಆಸ್ತಿಯಲ್ಲ ಎಂದೆ. ಇಷ್ಟು ವರ್ಷ ಬೆಳಗಿನ ಜಾವ ಎದ್ದು ಸಾಧನೆ ಮಾಡಿದವಳು ನಾನು, ಅದನ್ನು ಬಿಟ್ಟುಕೊಟ್ಟು ಬರಲು ನೀನು ಯಾರು ಎಂದೆ. ಅವನ ಮೇಲೆ ಕೂಗಾಡಿದೆ. ನಿಜವಾಗಿ ಕೂಗಬೇಕಾಗಿದ್ದು ಕಾರ್ಯದರ್ಶಿಗಳ ಮೇಲೆ. ಅವರೆದುರು ಮಾತ್ರ ನಾನು ಸೌಜನ್ಯದಿಂದಲೇ ಇದ್ದೆ.

ನಾನು ಜಾನಪದ ಆಗುವುದಿಲ್ಲ ಎಂದ ಆ ವರ್ಷದ ಉತ್ಸವದಲ್ಲಿ ಇನ್ನೊಂದು ಸಂಗತಿ ನಡೆಯಿತು. ಮಾದಿಹಳ್ಳಿಯ ಒಬ್ಬಳು ಮೃದಂಗ ನುಡಿಸುತ್ತಾಳೆ. ಮನೆಯಲ್ಲಿ ಹಸು, ಗದ್ದೆ, ತೆಂಗಿನ ತೋಟ, ಬೇಸಾಯದವರು. ಚಿಕ್ಕಂದಿನಲ್ಲಿ ಡೈರಿಗೆ ಹಾಲು ಹಾಕಿ, ಹಾಸನದ ಬಸ್ಸು ಹತ್ತಿ ಪಾಠಕ್ಕೆ ಹೋಗುತ್ತಿದ್ದವಳು. ನನಗೆ ಹಿಂದೆ ಕೆಲವು ಕಡೆ ಪಕ್ಕವಾದ್ಯಕ್ಕೆ ಬಂದಿದ್ದಳು. ಕೈ ಗಟ್ಟಿ, ಲೆಕ್ಕ ಅಚ್ಚುಕಟ್ಟು, ಹಾಡುವವರ ಉಸಿರು ನೋಡಿಕೊಂಡು ನುಡಿಸುವವಳು. ಸಭೆಯವರು ಅವಳನ್ನು ಹೊರಗಿನಿಂದ ಬಂದ ಒಬ್ಬ ಗಾಯಕರಿಗೆ ನುಡಿಸಲು ಕರೆದಿದ್ದರು. ಅವಳು ಬಂದು, ಹಿಂದಿನ ಕೋಣೆಯಲ್ಲಿ ಕೂತು, ಮೃದಂಗದ ಎಡಗಡೆಗೆ ರವೆ ಕಲಸಿ ಮೆತ್ತಿ, ಶ್ರುತಿ ಸೇರಿಸಿ ಕಾಯುತ್ತಿದ್ದಳು. ಗಾಯಕರು ಒಳಗೆ ಬಂದು ಇವಳನ್ನು ನೋಡಿ ಕಾರ್ಯದರ್ಶಿಗಳನ್ನು ಬಾಗಿಲಾಚೆ ಕರೆದರು. ಹೆಂಗಸರ ಪಕ್ಕವಾದ್ಯ ತನಗೆ ರೂಢಿಯಿಲ್ಲ ಎಂದರಂತೆ. ಕೇಳಿಯೂ ನೋಡಲಿಲ್ಲ. ಊರಲ್ಲೇ ಇದ್ದ ಇನ್ನೊಬ್ಬರನ್ನು ಆಟೋದಲ್ಲಿ ಕರೆತಂದು ಕೂರಿಸಿದರು. ಇವಳು ಮೃದಂಗಕ್ಕೆ ಚೀಲ ಹಾಕಿಕೊಂಡು ಸಭಾಂಗಣದ ಮುಂದಿನಿಂದಲೇ ಬಸ್ ಸ್ಟ್ಯಾಂಡಿಗೆ ನಡೆದಳು. ಒಳಗೆ ವರ್ಣ ಶುರುವಾಗಿತ್ತು.

ಸುದ್ದಿ ತಿಳಿದು ಮುಂದಿನ ಭಾನುವಾರ ನಾನು ಮಾದಿಹಳ್ಳಿಗೆ ಹೋದೆ. ಅವಳು ಅಳಲಿಲ್ಲ. ರವೆ ಒಣಗಿ ಚರ್ಮಕ್ಕೆ ಕಚ್ಚಿಕೊಂಡಿತ್ತು, ಬಿಡಿಸಲು ತುಂಬ ಹೊತ್ತು ಹಿಡಿಯಿತು ಎಂದಷ್ಟೇ ಹೇಳಿದಳು. ಆಮೇಲೆ, ಬಾ ಅಕ್ಕ ಹಳೇಬೀಡಿಗೆ ಹೋಗಿಬರೋಣ, ಮನೆಯಲ್ಲಿ ಮಾತಾಡಿದರೆ ಅತ್ತೆ ಕೇಳಿಸಿಕೊಳ್ಳುತ್ತಾರೆ ಎಂದಳು.

ದೇವಸ್ಥಾನದ ಹೊರಗೋಡೆಯ ಉದ್ದಕ್ಕೂ ನಡೆದೆವು. ಬಿಸಿಲಿಗೆ ಕಲ್ಲು ಕಾದಿತ್ತು. ಒಂದು ಕಡೆ ಪ್ರವಾಸಿಗಳ ಗುಂಪಿಗೆ ಗೈಡ್ ಒಬ್ಬರು ಕುಣಿಯುವವರು, ಬಾರಿಸುವವರು ಇರುವ ಸಾಲನ್ನು ತೋರಿಸುತ್ತಿದ್ದರು. ಹೊಯ್ಸಳರ ಕಾಲದಲ್ಲೇ ಹೆಣ್ಣುಮಕ್ಕಳು ಮದ್ದಳೆ ಬಾರಿಸುತ್ತಿದ್ದರು, ಆ ಬೆರಳುಗಳನ್ನು ನೋಡಿ, ತಾಳದಲ್ಲೇ ಇವೆ ಎನ್ನುತ್ತಿದ್ದರು. ಎಲ್ಲರೂ ಫೋಟೋ ತೆಗೆದುಕೊಂಡರು. ಅವಳು ಬ್ಯಾಗಿನಿಂದ ಸಭೆಯ ಆಹ್ವಾನ ಪತ್ರಿಕೆ ತೆಗೆದು ನನ್ನ ಕೈಗಿಟ್ಟಳು. ಮುಖಪುಟದಲ್ಲಿ ಬೇಲೂರಿನ ಶಿಲಾಬಾಲಿಕೆ, ಸೊಂಟಕ್ಕೆ ವಾದ್ಯ ಕಟ್ಟಿಕೊಂಡು ಬಾರಿಸುತ್ತಿರುವವಳು. ಒಳಗಿನ ಪುಟದಲ್ಲಿ ಇವಳ ಹೆಸರು. ಹೆಸರು ಅಚ್ಚಾಗಿತ್ತು, ಪತ್ರಿಕೆ ಊರೆಲ್ಲ ಹಂಚಿಯಾಗಿತ್ತು, ಆದರೂ ಎಬ್ಬಿಸಿ ಕಳಿಸಿದ್ದರು.

"ಕಲ್ಲಾಗಿದ್ರೆ ಕೂರಿಸ್ಕೊಂತಿದ್ರು ಕಣಕ್ಕ," ಎಂದಳು. ನಗಲಿಲ್ಲ.

ಅಲ್ಲೇ ಹುಲ್ಲಿನ ಮೇಲೆ ಕೂತು ನಾವಿಬ್ಬರೂ ತೀರ್ಮಾನ ಮಾಡಿದೆವು. ಸಭೆಯ ಸದಸ್ಯರಾಗಿ ವಾರ್ಷಿಕ ಸಭೆಯಲ್ಲಿ ಎರಡು ಮಾತು ಕೇಳುವುದು. ಒಂದು, ಸ್ಥಳೀಯ ಕಲಾವಿದರ ಆಯ್ಕೆಗೆ ಪರದೆ ಹಾಕಿ ಕೇಳಬೇಕು; ಹಾಡುವವರು, ನುಡಿಸುವವರು ಯಾರೆಂದು ಆಯ್ಕೆಗಾರರಿಗೆ ಗೊತ್ತಾಗಬಾರದು. ಎರಡು, ಹೆಂಗಸರ ಪಕ್ಕವಾದ್ಯ ಬೇಡ ಎನ್ನುವ ಕಲಾವಿದರನ್ನು ಕರೆಯಬಾರದು.

ಅದಕ್ಕೆ ಮೊದಲು ಗುರುಗಳ ಮನೆಗೆ ಹೋದೆ. ಸಮಿತಿಯ ಅರ್ಧದಷ್ಟು ಜನ ಅವರ ಹತ್ತಿರ ಕಲಿತವರು ಅಥವಾ ಮಕ್ಕಳನ್ನು ಕಲಿಯಲು ಕಳಿಸಿದವರು. ಅವರು ಒಂದು ಮಾತು ಹೇಳಿದರೆ ಕೇಳುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಈಗ ವಯಸ್ಸಾಗಿದೆ, ಮಂಡಿ ನೋವು, ಕುರ್ಚಿಯಲ್ಲೇ ಕೂತು ಪಾಠ ಹೇಳುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನಾನು ನಿಂಗೆ ಸಂಗೀತ ಕೊಟ್ಟೆ. ಇನ್ನೂ ಏನು ಕೇಳ್ತೀಯ?" ಎಂದರು.

"ಅದನ್ನ ಹಾಡೋಕೆ ಜಾಗ ಕೇಳ್ತಿದೀನಿ," ಎಂದೆ.

ಅವರು ಕಿಟಕಿಯ ಕಡೆ ನೋಡಿದರು. ತಮಗೂ ಯಾರೂ ಜಾಗ ಕೊಡಲಿಲ್ಲ ಎಂದರು. ಮದುವೆಯಾದ ಮೇಲೆ ಗಂಡನ ಮನೆಯವರು ವೇದಿಕೆ ಹತ್ತಬಾರದು ಎಂದರಂತೆ. ನಾಲ್ಕು ಗೋಡೆಯೊಳಗೆ ಮಕ್ಕಳಿಗೆ ಹೇಳಿಕೊಡಬಹುದು, ಹಾಡಬಾರದು. ಒಂದು ಕಛೇರಿಯನ್ನೂ ಮಾಡದೆ ಆಯಸ್ಸು ಕಳೆದೆ, ನನಗೇನಾಯಿತು, ನೀನು ಸುಮ್ಮನೆ ಸಾಧನೆ ಮಾಡಿಕೊಂಡಿರು, ಸಿಟ್ಟು ಗಂಟಲಿಗೆ ಒಳ್ಳೆಯದಲ್ಲ ಎಂದರು. ಇಷ್ಟು ವರ್ಷದಲ್ಲಿ ಅವರು ತಮ್ಮ ಬಗ್ಗೆ ಮಾತಾಡಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ. ಅವತ್ತು ಮಾತ್ರ ಮೈ ಉರಿಯಿತು. ತಮಗೆ ಮಾಡಿದ ಅನ್ಯಾಯವನ್ನು ಇವರು ಜೋಪಾನವಾಗಿ ಇಟ್ಟುಕೊಂಡು, ಈಗ ಅದನ್ನೇ ನನಗೆ ಬುದ್ಧಿವಾದ ಮಾಡಿ ಹೇಳುತ್ತಿದ್ದಾರಲ್ಲ ಅನಿಸಿತು. ಕಾಲಿಗೆ ನಮಸ್ಕಾರ ಮಾಡಿ ಎದ್ದು ಬಂದೆ.

ವಾರ್ಷಿಕ ಸಭೆ ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ನಡೆಯಿತು. ನಾನು ಎದ್ದು ನಿಂತು ಎರಡೂ ವಿಷಯ ಹೇಳಿದೆ. ಕಾರ್ಯದರ್ಶಿಗಳು ಬೇಸರವಾದವರ ಹಾಗೆ ಮುಖ ಮಾಡಿ, ಸಂಗೀತಕ್ಕೆ ಜಾತಿ ಎಲ್ಲಿದೆ ಮೇಡಂ, ಅದನ್ನು ಇಲ್ಲಿಗೆ ತರುತ್ತಿರುವವರೇ ನೀವು ಎಂದರು. ಚಪ್ಪಾಳೆ ಬಿತ್ತು.

"ಜಾತಿ ಇಲ್ಲ ಅಂದ್ಮೇಲೆ ಪರದೆ ಹಾಕೋಕೆ ಏನು ತೊಂದರೆ?" ಎಂದು ಕೇಳಿದೆ.

ಪರದೆ ಹಾಕುವುದು ಕಲೆಗೆ ಮಾಡುವ ಅವಮಾನ ಎಂದರು. ಮುಖಭಾವ ಕಾಣಬೇಕು, ವೇದಿಕೆಯ ಶಿಸ್ತು ಕಾಣಬೇಕು, ಮನೆತನದ ಸಂಸ್ಕಾರವೂ ಕಾಣಬೇಕಲ್ಲವೇ ಎಂದು ಇನ್ನೊಬ್ಬರು ಸೇರಿಸಿದರು. ಬಾಯಿತಪ್ಪಿ ಬಂದ ಆ ಕೊನೆಯ ಮಾತನ್ನು ಮುಚ್ಚಲು ಮೂರ್ನಾಲ್ಕು ಜನ ಒಟ್ಟಿಗೆ ಮಾತಾಡಿದರು. ಅಷ್ಟರಲ್ಲಿ ಅಪ್ಪ ಹೋದಾಗ ಮನೆಗೆ ಬಂದಿದ್ದ ಆ ಹಿರಿಯ ಸದಸ್ಯರು ಎದ್ದರು. ತುಂಬ ಮೆತ್ತಗೆ ಕೇಳಿದರು: "ನೀವು ಬೌದ್ಧರು ಅಂತ ಕೇಳಿದೆ. ತಪ್ಪು ತಿಳ್ಕೋಬೇಡಿ. ಭಕ್ತಿಯೇ ಇಲ್ಲದೆ ರಾಮನ ಮೇಲಿನ ಕೃತಿ ಹಾಡೋದು ಹೇಗೆ?"

ಹಾಲ್‌ ಪೂರ್ತಿ ನನ್ನ ಕಡೆ ತಿರುಗಿತು. ಅಣ್ಣ ಕೇಳಿದ ಪ್ರಶ್ನೆಯನ್ನೇ ಇವರು ಇನ್ನೊಂದು ಬಾಗಿಲಿನಿಂದ ಕೇಳುತ್ತಿದ್ದರು. ಇಬ್ಬರಿಗೂ ನಾನು ಅಲ್ಲಿ ಇರಬಾರದಾಗಿತ್ತು.

ನಾನು ಅವರನ್ನು ಕೇಳಿದೆ: "ನಿಮ್ಮ ಸಭೆಗೆ ಬರೋ ಒಬ್ಬೊಬ್ಬರ ಎದೆ ಬಗೆದು ಭಕ್ತಿ ಎಷ್ಟಿದೆ ಅಂತ ನೋಡಿ ಕೂರಿಸ್ತೀರಾ ಸರ್? ಹತ್ತಾರು ವರ್ಷ ನನ್ನ ಹಾಡು ಕೇಳಿದ್ರಲ್ಲ, ಆವಾಗ ಯಾವ ಕಡೆ ಕಡಿಮೆ ಬಿತ್ತು ಅಂತ ಹೇಳಿ."

ಕಾರ್ಯದರ್ಶಿಗಳು ನಡುವೆ ಬಂದು, ಮತಕ್ಕೆ ಹಾಕೋಣ ಎಂದರು. ಕೈ ಎತ್ತಿಸಿದರು. ನಮ್ಮ ಕಡೆ ನಾವಿಬ್ಬರು, ಜೊತೆಗೆ ಹಿಂದಿನ ಸಾಲಿನಿಂದ ಒಬ್ಬ ನಿವೃತ್ತ ಮೇಷ್ಟ್ರು. ಆಮೇಲೆ ಎಲ್ಲರೂ ಬಿಸಿಬೇಳೆಬಾತ್ ತಿನ್ನಲು ಎದ್ದರು. ನನಗೂ ಒಂದು ಎಲೆ ಹಾಕಿದ್ದರು. ಊಟ ಮಾಡಿಕೊಂಡೇ ಹೋಗಬೇಕು ಮೇಡಂ ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದರು. ಎಲೆ ಬಿಟ್ಟು ನಾವಿಬ್ಬರೂ ಹೊರಗೆ ಬಂದೆವು.

ಮುಂದಿನ ಉತ್ಸವದ ಮೊದಲನೇ ದಿನವೇ ನಾವೊಂದು ಕಛೇರಿ ಮಾಡುವುದೆಂದು ಗೊತ್ತುಮಾಡಿಕೊಂಡೆವು. ಜಾಗ ಕೇಳಿದ ಕಡೆಯೆಲ್ಲ ಅವತ್ತು ಖಾಲಿ ಇಲ್ಲ ಎಂದರು. ಕೊನೆಗೆ ಜಾಗ ಕೊಟ್ಟವರು ಕೊಬ್ಬರಿ ವ್ಯಾಪಾರಿಯೊಬ್ಬರು. ಅವರ ಮಗಳು ನನ್ನ ಹತ್ತಿರ ಹಾಡು ಕಲಿಯುತ್ತಾಳೆ. ಅವರಿಗೆ ಸಂಗೀತದ ಗಂಧವಿಲ್ಲ. ಎಷ್ಟು ಹೊತ್ತು ಹಾಡುತ್ತೀರಿ, ಲಾರಿ ಬರುವುದಿದೆ ಎಂದಷ್ಟೇ ಕೇಳಿದರು. ಸಭೆಯವರು ಬೇಜಾರು ಮಾಡಿಕೊಳ್ಳಬಹುದು ಎಂದಾಗ, "ನನ್ ಗೋಡೌನು ಕಣ್ರೀ, ಅವ್ರನ್ನ ಯಾಕ್ ಕೇಳ್ಬೇಕು," ಎಂದರು.

ಹಿಂದಿನ ದಿನ ಪಿಟೀಲಿನವರು ಫೋನ್ ಮಾಡಿ ಬರುವುದಿಲ್ಲ ಎಂದರು. ಒಪ್ಪಿಕೊಂಡಿದ್ದವರು. ಸಭೆಯಿಂದ ಯಾರೋ ಮಾತಾಡಿದ್ದರು, ನಾನು ಮಕ್ಕಳೊಂದಿಗ, ನನಗೆ ಇನ್ನೂ ಕಛೇರಿಗಳು ಬೇಕು, ಕ್ಷಮಿಸಿ ಎಂದರು. ಕ್ಷಮಿಸಲಿಲ್ಲ. ಫೋನ್ ಇಟ್ಟು ಮಾದಿಹಳ್ಳಿಗೆ ಮಾಡಿದೆ. ಪಿಟೀಲಿಲ್ಲದೆ ಕಛೇರಿ ಎಂದರೆ ನನಗೆ ಉಸಿರು ತೆಗೆದುಕೊಳ್ಳಲು ಬಿಡುವಿಲ್ಲ, ನಿಲ್ಲಿಸಿದ ಕಡೆ ಬರೀ ತಂಬೂರಿ ಎಂದು ಹೇಳಿದೆ. "ನಾನಿದೀನಲ್ಲಕ್ಕ. ಬೆಳಗ್ಗೆ ಫಸ್ಟ್ ಬಸ್ಸಿಗೇ ಬತ್ತೀನಿ," ಎಂದಳು.

ಗೋಡೌನಿನ ಒಂದು ಮಗ್ಗುಲಿಗೆ ಗೋಣಿಚೀಲಗಳನ್ನು ಒಟ್ಟಿ ಜಾಗ ಮಾಡಿದ್ದರು. ಒಳಗೆಲ್ಲ ಒಣಕೊಬ್ಬರಿಯ ಜಿಡ್ಡು ವಾಸನೆ. ಜಮಖಾನ ಹಾಸಿದ್ದೆವು, ಸಾಲದ್ದಕ್ಕೆ ಜನ ಚೀಲಗಳ ಮೇಲೂ ಕೂತರು. ಅಪ್ಪನ ಜೊತೆ ಕೆಲಸ ಮಾಡಿದ್ದ ರೈಲ್ವೆಯವರು, ನನ್ನ ಶಾಲೆಯ ಮಕ್ಕಳು, ಕೊಬ್ಬರಿ ಸುಲಿಯುವ ಹೆಂಗಸರು, ಆ ನಿವೃತ್ತ ಮೇಷ್ಟ್ರು. ಅಣ್ಣನೂ ಬಂದ, ಬಾಗಿಲ ಹತ್ತಿರ ಕೈಕಟ್ಟಿಕೊಂಡು ನಿಂತ. ಹಾಡುವ ಮೊದಲು ನಾನು ಯಾರ ಮಗಳು, ಯಾವ ಜಾತಿಯವಳು, ಯಾವ ಧರ್ಮದವಳು ಎಂದು ಮೈಕಿನಲ್ಲೇ ಹೇಳಿದೆ. ಯಾರ ಹತ್ತಿರ ಕಲಿತೆ ಎಂದೂ ಹೇಳಿದೆ. ಆಮೇಲೆ ವರ್ಣ ಶುರುಮಾಡಿದೆ.

ಮೊದಲ ಅರ್ಧ ಗಂಟೆ ಚೆನ್ನಾಗಿ ಹಾಡಲಿಲ್ಲ. ಸಿಟ್ಟಿನಲ್ಲಿ ಶ್ರುತಿ ಏರಿಸಿ ಹಿಡಿಯುತ್ತಿದ್ದೆ, ಸ್ವರಗಳನ್ನು ಹೊಡೆಯುವವಳ ಹಾಗೆ ಹಾಕುತ್ತಿದ್ದೆ. ಅವಳು ಮೃದಂಗದಲ್ಲಿ ನನ್ನನ್ನು ಎರಡು ಸಲ ತಡೆದು ನಿಧಾನ ಮಾಡಿಸಿದಳು. ಕಾಂಬೋಧಿಗೆ ಬರುವ ಹೊತ್ತಿಗೆ ಗಂಟಲು ಬಿಟ್ಟುಕೊಂಡಿತು. ಗೋಣಿಚೀಲಗಳು ಪ್ರತಿಧ್ವನಿಯನ್ನೆಲ್ಲ ಹೀರಿಕೊಳ್ಳುತ್ತಿದ್ದವು; ಹಾಡಿದ್ದಷ್ಟೇ ಕೇಳುತ್ತಿತ್ತು, ಮರೆಮಾಚಲು ಏನೂ ಇರಲಿಲ್ಲ. ಅವಳ ತನಿ ಆವರ್ತನ, ಅಂದರೆ ಮೃದಂಗ ಒಂದೇ ನುಡಿಯುವ ಭಾಗ ಬಂದಾಗ, ಕೊಬ್ಬರಿ ಸುಲಿಯುವ ಹೆಂಗಸರು ಮುಂದಕ್ಕೆ ಜರುಗಿ ಕೂತರು. ಒಬ್ಬಾಕೆ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತಿದ್ದಳು. ಮೃದಂಗದವಳು ಮುಕ್ತಾಯ ನುಡಿಸಿ ನನ್ನ ಕೈಗೆ ತಾಳ ತಂದುಕೊಟ್ಟಾಗ ನಾನು ಸಾಹಿತ್ಯವನ್ನು ಎತ್ತಿಕೊಳ್ಳಲು ಒಂದು ಕ್ಷಣ ತಡಮಾಡಿದೆ. ಅಷ್ಟು ಚೆನ್ನಾಗಿತ್ತು.

ಕಾರ್ಯದರ್ಶಿಗಳು ಬಂದಿದ್ದರು. ತಮ್ಮ ಉತ್ಸವದ ದೀಪ ಹಚ್ಚಿ, ಅಲ್ಲಿಂದ ಇಲ್ಲಿಗೆ ಬಂದು, ನಿಂತು, ಫೋನಿನಲ್ಲಿ ವಿಡಿಯೋ ಮಾಡಿಕೊಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಎರಡು ದಿನ ಬಿಟ್ಟು ಊರಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಸ್ಥಳೀಯ ಪ್ರತಿಭೆಗಳನ್ನು ಸಭೆ ಸದಾ ಪ್ರೋತ್ಸಾಹಿಸುತ್ತ ಬಂದಿದೆ ಎಂಬ ಅವರ ಹೇಳಿಕೆಯ ಪಕ್ಕದಲ್ಲಿ ಗೋಡೌನಿನಲ್ಲಿ ನಾವಿಬ್ಬರು ಕೂತಿದ್ದ ಫೋಟೋ ಇತ್ತು. ಆ ಪತ್ರಿಕೆಯನ್ನು ಹರಿದು ಒಲೆಗೆ ಹಾಕಬೇಕೆನಿಸಿತು. ಮನೆಯಲ್ಲಿರುವುದು ಗ್ಯಾಸ್ ಸ್ಟವ್.

ಈ ವರ್ಷ ಸಭೆಯವರು ಎರಡು ಕೆಲಸ ಮಾಡಿದ್ದಾರೆ. ಮಕ್ಕಳ ಸ್ಪರ್ಧೆಗೆ ಮಾತ್ರ ಪರದೆ ಹಾಕಿದ್ದಾರೆ, ದೊಡ್ಡವರಿಗಿಲ್ಲ. ಉತ್ಸವದ ಕೊನೆಯಲ್ಲಿ ಒಂದು ದಿನವನ್ನು ಸಮಾನತೆಯ ಸಂಜೆ ಎಂದು ಕರೆದು, ನಮ್ಮಿಬ್ಬರನ್ನೂ ಆಹ್ವಾನಿಸಿದ್ದಾರೆ. ಬೇರೆ ದಿನಗಳಿಗೆ ಅಂಥ ಹೆಸರಿಲ್ಲ; ಅವು ಬರೀ ಕಛೇರಿಗಳು. ನಾನು ಒಪ್ಪಲಿಲ್ಲ. ಅವಳು ಒಪ್ಪಿದಳು. ಅದರ ಬಗ್ಗೆ ನಮ್ಮಿಬ್ಬರಿಗೂ ಜಗಳವಾಯಿತು. ಕೂರಿಸಿದ ಕಡೆ ಕೂತು ಕೈ ತೋರಿಸುತ್ತೇನೆ, ಆಮೇಲೆ ಎಬ್ಬಿಸಲಿ ನೋಡೋಣ ಎಂಬುದು ಅವಳ ಮಾತು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಒಪ್ಪಿಕೊಳ್ಳಲೂ ಆಗಲಿಲ್ಲ. ಅವತ್ತು ನಾನು ಕೇಳುವವರ ಜೊತೆ ಕೂರುತ್ತೇನೆ ಎಂದಿದ್ದೇನೆ.

ಗೋಡೌನಿನ ಕಛೇರಿಯಾದ ಮೇಲೆ ಗುರುಗಳ ಮನೆಗೆ ಹೋಗಿರಲಿಲ್ಲ. ಮೊನ್ನೆ ಅವರೇ ಫೋನ್ ಮಾಡಿದರು. ಯಾರೋ ವಿಡಿಯೋ ತೋರಿಸಿದರಂತೆ. ಕಾಂಬೋಧಿಯಲ್ಲಿ ಮೇಲಿನ ಷಡ್ಜದ ಹತ್ತಿರ ಇನ್ನೂ ನಿಲ್ಲಬೇಕಿತ್ತು, ಅವಸರ ಮಾಡಿದೆ ಎಂದರು. ಹೌದು ಎಂದೆ. ಆಮೇಲೆ ಅವರು ಕೇಳಿದರು, ಮುಂದಿನ ಸಲ ಗೋಡೌನಿನಲ್ಲಿ ಕುರ್ಚಿ ಇರುತ್ತದೆಯೇ, ನನಗೆ ನೆಲದ ಮೇಲೆ ಕೂರಲು ಆಗುವುದಿಲ್ಲ ಎಂದು. ಇರುತ್ತದೆ ಎಂದೆ. ನನ್ನ ಧ್ವನಿ ಇನ್ನೂ ಗಡುಸಾಗಿಯೇ ಇತ್ತು.